ಲಪುವಾ, ಸ್ಟಾರ್‌ಲೈನ್, ಲೇಕ್ ಸಿಟಿ: .308 ರೈಫಲ್‌ಗೆ ಯಾವ ಹಿತ್ತಾಳೆ ಕೇಸ್?

ತೋಟಾ ರೀಲೋಡ್ ಮಾಡುವವರಿಗೆ, ಅಂದರೆ ಹೊಡೆದ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವವರಿಗೆ, ಮದ್ದು, ಅದಕ್ಕೆ ಕಿಡಿ ಕೊಡುವ ಪ್ರೈಮರ್, ಗುಂಡು ಮೂರೂ ಒಂದೇ ಸಲಕ್ಕೆ ಮುಗಿದುಹೋಗುತ್ತವೆ. ತಿರುಗಿ ಕೈಗೆ ಬರುವುದು ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆ ಕೇಸ್ ಮಾತ್ರ. ಹಾಗಾಗಿ ಒಂದಕ್ಕೆ ಎಷ್ಟು ಡಾಲರ್ ಅಂತ ಕೇಳುವ ಮೊದಲು, ಅದನ್ನು ಎಷ್ಟು ಸಲ ನಂಬಿ ಬಳಸಬಹುದು ಅಂತ ಕೇಳಬೇಕು.

ನಾನು ಟೆಕ್ಸಸ್‌ನಲ್ಲಿ .308 ವಿಂಚೆಸ್ಟರ್ ಬೋಲ್ಟ್ ರೈಫಲ್ ಇಟ್ಟುಕೊಂಡು ಗುರಿ ಅಭ್ಯಾಸ ಮಾಡುತ್ತೇನೆ. ಅದೇ ರೈಫಲ್, ಕೇಸನ್ನು ಮತ್ತೆ ಅಳತೆಗೆ ತರುವ ಅದೇ ಡೈ, ಅದೇ ಗುಂಡು. ಬದಲಾಯಿಸಿದ್ದು ಕೇಸ್ ಮಾತ್ರ. ಪ್ರತಿ ಬಗೆಗೂ ಮದ್ದನ್ನು ರೀಲೋಡಿಂಗ್ ಕೈಪಿಡಿ ಕೊಟ್ಟ ಎಲ್ಲಕ್ಕಿಂತ ಕೆಳಗಿನ ಅಳತೆಯಿಂದಲೇ ಹೊಸದಾಗಿ ಶುರು ಮಾಡಿದೆ.

ಲಪುವಾ ಫಿನ್ಲೆಂಡಿನದು, 1923ರಲ್ಲಿ ಶುರುವಾದ ಕಾರ್ಖಾನೆ. ಡಬ್ಬಿ ತೆರೆದು ಕೇಸ್‌ಗಳನ್ನು ತಕ್ಕಡಿಗೆ ಹಾಕುತ್ತಾ ಹೋದರೆ ತೂಕ ಹೆಚ್ಚು ಕಡಿಮೆ ಆಗುವುದೇ ಅಪರೂಪ. ಪ್ರೈಮರ್ ಕಿಡಿ ಹಾಯುವ ತೂತು ನಡುವಿನಲ್ಲೇ ಇರುತ್ತದೆ. ಆದರೆ ನನಗೆ ಇದು ಇಷ್ಟವಾದದ್ದು ಪ್ರೈಮರ್ ಕೂರುವ ಗುಳಿಗಾಗಿ. ಕೇಸ್ ಸಾಯುವುದು ಸಾಮಾನ್ಯವಾಗಿ ಅಲ್ಲೇ. ಒತ್ತಡಕ್ಕೆ ಗುಳಿ ಸ್ವಲ್ಪ ಸ್ವಲ್ಪವೇ ಹಿಗ್ಗಿ, ಒಂದು ದಿನ ಪ್ರೈಮರ್ ಬೆರಳಿನಲ್ಲಿ ಒತ್ತಿದರೂ ಒಳಗೆ ಹೋಗಿಬಿಡುತ್ತದೆ. ಅಲ್ಲಿಗೆ ಮುಗಿಯಿತು. ಲಪುವಾದ ಗುಳಿ ಎಷ್ಟೋ ಸಲ ಹೊಡೆದ ಮೇಲೂ ಪ್ರೈಮರನ್ನು ಬಿಗಿಯಾಗಿ ಹಿಡಿದಿರುತ್ತದೆ.

ಸ್ಟಾರ್‌ಲೈನ್ ಮಿಸೌರಿಯ ಸೆಡೇಲಿಯಾದ ಕಂಪನಿ. ಇವರು ತುಂಬಿದ ತೋಟಾ ಮಾರುವುದಿಲ್ಲ, ಕೇಸ್ ಮಾಡುವುದೇ ಇವರ ಕೆಲಸ. ಪಿಸ್ತೂಲಿನ ಕೇಸ್‌ಗಳಿಂದಲೇ ಇವರ ಹೆಸರು ಬೆಳೆದದ್ದು, ರೈಫಲ್ ಕೇಸ್ ಆಮೇಲೆ ಬಂತು. ನಾನು ಕೊಂಡಾಗ ಬೆಲೆ ಲಪುವಾದ ಸುಮಾರು ಅರ್ಧ. ತೂಕದ ವ್ಯತ್ಯಾಸ ಲಪುವಾಕ್ಕಿಂತ ತುಸು ಜಾಸ್ತಿ, ಅಷ್ಟೇ. 100 ಗಜದಲ್ಲಿ ಎರಡರ ಗುರಿಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದು ಅಂತ ಹೇಳಲು ನನ್ನಿಂದ ಆಗುವುದಿಲ್ಲ. 600 ಗಜಕ್ಕೆ ಹೋದಾಗ ಗೊತ್ತಾಗುತ್ತದೆ. ಕೇಸಿನ ಒಳಜಾಗ ಬದಲಾದರೆ ಒತ್ತಡ ಬದಲಾಗುತ್ತದೆ, ಒತ್ತಡದ ಜೊತೆಗೆ ವೇಗ, ವೇಗದ ಜೊತೆಗೆ ಗುಂಡು ಬೀಳುವ ಎತ್ತರ. ಲಪುವಾದಲ್ಲಿ ಗುರಿಹಾಳೆಯ ತೂತುಗಳು ಮೇಲೆ ಕೆಳಗೆ ಹರಡುವುದು ಕಡಿಮೆ. ದೂರದ ಪಂದ್ಯಕ್ಕೆ ಹೋಗದವರು ಸುಮ್ನೆ ಆ ದುಡ್ಡು ಕೊಡಬೇಕಿಲ್ಲ. ನನ್ನ ದಿನನಿತ್ಯದ ಅಭ್ಯಾಸವೆಲ್ಲ ಸ್ಟಾರ್‌ಲೈನ್‌ನಲ್ಲೇ.

ಲೇಕ್ ಸಿಟಿಯೂ ಮಿಸೌರಿಯದೇ. ಇಂಡಿಪೆಂಡೆನ್ಸ್ ಊರಿನಲ್ಲಿ 1941ರಲ್ಲಿ ಸೇನೆಗಾಗಿ ಕಟ್ಟಿದ ಕಾರ್ಖಾನೆ. ತಳದಲ್ಲಿ ಎಲ್‌ಸಿ ಅಕ್ಷರ, ಪಕ್ಕದಲ್ಲಿ ವರ್ಷ. ಹೊರ ಅಳತೆಯಲ್ಲಿ .308 ಅನ್ನೇ ಹೋಲುವ ಸೇನೆಯ 7.62 ಕೇಸ್, ಒಮ್ಮೆ ಹೊಡೆದದ್ದು, ಅಗ್ಗಕ್ಕೆ ಸಿಗುತ್ತದೆ, ಲೋಹವೂ ಗಟ್ಟಿ. ಆದರೆ ಕೆಲಸ ಜಾಸ್ತಿ. ಸೇನೆಯ ಪ್ರೈಮರನ್ನು ಸುತ್ತಲೂ ಒತ್ತಿ ಬಂಧಿಸಿರುತ್ತಾರೆ. ಹಳೆಯದನ್ನು ತೆಗೆದ ಮೇಲೆ ಆ ಅಂಚನ್ನು ಸರಿ ಮಾಡದಿದ್ದರೆ ಹೊಸ ಪ್ರೈಮರ್ ಕೂರುವುದಿಲ್ಲ. ಮೆಷಿನ್ ಗನ್‌ನಲ್ಲಿ ಹೊಡೆದದ್ದಾದರೆ ಕೇಸ್ ಹಿಗ್ಗಿ ಉದ್ದವಾಗಿರುತ್ತದೆ. ಉದ್ದ 2.015 ಇಂಚು ಮೀರಿದ್ದನ್ನು ಕತ್ತರಿಸಲೇಬೇಕು. ಗೋಡೆ ದಪ್ಪ, ಅಂದರೆ ಒಳಜಾಗ ಕಡಿಮೆ. ಬೇರೆ ಕೇಸಿಗೆ ಹಾಕುವಷ್ಟೇ ಮದ್ದು ಇದಕ್ಕೆ ಹಾಕಿದರೆ ಒತ್ತಡ ಏರುತ್ತದೆ. ಕೆಳಗಿನ ಅಳತೆಯಿಂದ ಶುರು ಮಾಡಿದ್ದು ಇದಕ್ಕೇ. ಸಮಯ ಇರುವವರಿಗೆ ಒಳ್ಳೆಯ ಕೇಸ್. ನನಗೆ ಅಷ್ಟು ಸಮಯ ಇಲ್ಲ.

ಲೇಕ್ ಸಿಟಿ ಮತ್ತು ಲಪುವಾ ಎರಡರ ಕುತ್ತಿಗೆಯಲ್ಲೂ, ಅಂದರೆ ಗುಂಡು ಕೂರುವ ಕಿರಿದಾದ ಭಾಗದಲ್ಲೂ, ನೀಲಿ ಕಂದು ಬಣ್ಣದ ಕಲೆ ಕಾಣುತ್ತದೆ. ಅದು ಕೊಳೆಯಲ್ಲ. ಕಾಯಿಸಿ ಮೆದು ಮಾಡಿದ ಗುರುತು. ಕುತ್ತಿಗೆ ಗಡುಸಾಗಿಯೇ ಉಳಿದರೆ ಏನಾಗುತ್ತದೆ ಅನ್ನುವುದು ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಕಂಡಿತ್ತು. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಹಿತ್ತಾಳೆಯೊಳಗೆ ಉಳಿದ ಬಿಗಿತ, ಮೂರೂ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ಸ್ಪಷ್ಟವಾಯಿತು. ಹಾಗಾಗಿ ಅಮೋನಿಯಾ ಇರುವ ಪಾಲಿಶ್‌ನಿಂದ ಕೇಸ್ ತಿಕ್ಕಲೇಬೇಡಿ, ಎಷ್ಟೇ ಹೊಳಪು ಬರಲಿ.

ಇನ್ನು ರೇಂಜಿನಲ್ಲಿ ನೆಲದಿಂದ ಹೆಕ್ಕಿದ ಕೇಸ್. ಬಿಟ್ಟಿ ಸಿಗುತ್ತದೆ ಅಲ್ವಾ, ಆಸೆಯಾಗುತ್ತದೆ. ಯಾರು ಎಷ್ಟು ಸಲ ಹೊಡೆದರೋ ತಿಳಿಯುವುದಿಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ಒಂದು ತೂತಿನ ಬದಲು ಎರಡು ಸಣ್ಣ ತೂತು ಇದ್ದರೆ ಅದು ಬರ್ಡನ್ ಅನ್ನುವ ಬೇರೆ ಬಗೆಯ ಪ್ರೈಮರಿನ ಕೇಸ್, ಹಳೆಯ ಪ್ರೈಮರನ್ನು ತಳ್ಳುವ ನಮ್ಮ ಡೈಯ ಸೂಜಿ ಮುರಿಯುತ್ತದೆ. ಆಮೇಲೆ ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯ ಮೇಲೆ ತಳದ ಕಡೆಗೆ ಎಳೆಯಿರಿ. ತಳದ ಹತ್ತಿರ ತಂತಿ ಸಿಕ್ಕಿಕೊಂಡರೆ ಅಲ್ಲಿ ಗೋಡೆ ತೆಳುವಾಗಿದೆ, ಮುಂದಿನ ಹೊಡೆತಕ್ಕೆ ಕೇಸ್ ಎರಡು ತುಂಡಾಗಬಹುದು. ಅಂಥದ್ದನ್ನು ನಾನು ಇಕ್ಕಳದಲ್ಲಿ ಜಜ್ಜಿಯೇ ಗುಜರಿಗೆ ಹಾಕುತ್ತೇನೆ. ಹಾಗೆಯೇ ಎಸೆದರೆ ಇನ್ಯಾರೋ ಹೆಕ್ಕಿ ಅದಕ್ಕೆ ಮದ್ದು ತುಂಬುತ್ತಾರೆ.