ರಿಬ್ಬೆನಾ ಪಿನ್ನೆಶೊಟ್ಟಾ? ನಾರ್ವೆ ಕ್ರಿಸ್ಮಸ್ ಊಟಕ್ಕೆ ಯಾವ್ದು ಆರಿಸ್ಕೋಬೇಕು
ಡಿಸೆಂಬರ್ 24ರ ಸಂಜೆ 5ಕ್ಕೆ ಚರ್ಚ್ ಗಂಟೆ ಹೊಡೀತಿದ್ದಂಗೆ ನಾರ್ವೇಲಿ ಹಬ್ಬ ಶುರು, ತಟ್ಟೇಲಿ ಏನಿರುತ್ತೆ ಅನ್ನೋದು ಮಾತ್ರ ಆ ಮನೆಯವ್ರು ಯಾವ ಕಡೆಯವ್ರು ಅನ್ನೋದ್ರ ಮೇಲೆ. ಓಸ್ಲೋ ಕಡೆ ರಿಬ್ಬೆ, ಹಂದಿ ಪಕ್ಕೆ ಮಾಂಸ, ಚರ್ಮಕ್ಕೆ ಚೌಕ ಚೌಕ ಗೀರು ಹಾಕಿ ಉಪ್ಪು ಮೆಣಸು ಸವರಿಟ್ಟು ಓವನ್ನಲ್ಲಿ ಬೇಯಿಸ್ತಾರೆ, ಕಚ್ಚಿದ್ರೆ ಕರುಂ ಅನ್ಲಿಲ್ವೋ ಅಡುಗೆ ಮಾಡಿದೋರ ಮುಖ ನೋಡಕ್ಕಾಗಲ್ಲ. ಜೊತೆಗೆ ಹುಳಿ ಕೋಸು.

ಪಶ್ಚಿಮ ಕರಾವಳಿಯ ಬರ್ಗೆನ್ ಕಡೆ ಪಿನ್ನೆಶೊಟ್. ಉಪ್ಪು ಹಾಕಿ ಒಣಗಿಸಿದ ಕುರಿ ಪಕ್ಕೆಲುಬು, ಹಿಂದಿನ ದಿನಾನೇ ನೆನೆಸಿ, ಪಾತ್ರೆ ತಳಕ್ಕೆ ಬರ್ಚ್ ಮರದ ಕಡ್ಡಿ ಜೋಡಿಸಿ ಮೂರು ಗಂಟೆ ಹಬೇಲಿ ಬೇಯಿಸೋದು. ನನ್ ವೋಟು ಇದಕ್ಕೇ, ಒಣಮೀನು ತಿಂದು ಬೆಳೆದ ನಾಲಿಗೆಗೆ ಸಲೀಸು, ಹಂದಿ ತಿನ್ನದೋರಿಗೂ ಆಗುತ್ತೆ. ಆದ್ರೆ ಇದ್ರಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ರೆ ರಿಬ್ಬೆನೇ ವಾಸಿ.