ಡಿಕ್ಕಿಗೂ ಹೊಸ್ತಿಲು ಬೇಕಿತ್ತಾ? ಕಾಂಪ್ಯಾಕ್ಟ್ ಎಸ್‌ಯುವಿ ಜೊತೆ ನಾಲ್ಕು ವರ್ಷ

ಎಂಜಿನ್, ಮೈಲೇಜ್, ಟಚ್‌ಸ್ಕ್ರೀನ್ ಬಗ್ಗೆ ನಾನೇನೂ ಹೇಳುವುದಿಲ್ಲ. ಅದೆಲ್ಲ ನೀವು ಆಗಲೇ ಹತ್ತು ಕಡೆ ಓದಿರುತ್ತೀರಿ. ನನಗೆ ಮಾತಾಡಬೇಕಿರುವುದು ಹಿಂದೆ ಸಾಮಾನು ಇಡುವ ಡಿಕ್ಕಿಯ ಬಗ್ಗೆ. ಅದರಲ್ಲೂ ಡಿಕ್ಕಿಯ ಹೊಸ್ತಿಲ ಬಗ್ಗೆ.

ಹಿಂದಿನ ಬಾಗಿಲು ಎತ್ತಿದರೆ ಬಂಪರ್ ಮೇಲೆ ಅಡ್ಡಕ್ಕೆ ಒಂದು ಅಂಚು ಕಾಣುತ್ತದಲ್ಲ, ಅದನ್ನೇ ನಾನು ಹೊಸ್ತಿಲು ಅನ್ನುವುದು. ನನ್ನ ಕಾರಿನಲ್ಲಿ ಅದು ನೆಲದಿಂದ 76 ಸೆಂಟಿಮೀಟರ್ ಎತ್ತರದಲ್ಲಿದೆ. ಸಿಟ್ಟು ಬಂದ ಒಂದು ದಿನ ಟೇಪ್ ಹಿಡಿದು ಅಳೆದಿದ್ದೇನೆ. ಅದನ್ನು ದಾಟಿದರೆ ಒಳಗಿನ ತಳ 17 ಸೆಂಟಿಮೀಟರ್ ಕೆಳಗಿದೆ. ಅಂದರೆ ಸಾಮಾನನ್ನು ಮೊದಲು ಎತ್ತಬೇಕು, ಆಮೇಲೆ ಬಗ್ಗಿ ಹಳ್ಳಕ್ಕೆ ಇಳಿಸಬೇಕು. ತೆಗೆಯುವಾಗ ಇನ್ನೂ ಕಷ್ಟ. ಬೆನ್ನು ಬಗ್ಗಿರುತ್ತದೆ, ಕೈ ಮುಂದಕ್ಕೆ ಚಾಚಿರುತ್ತದೆ, ಭಾರವೆಲ್ಲ ಸೊಂಟಕ್ಕೆ.

ನಾನು ಎತ್ತುವುದು ಅಮ್ಮನ ವೀಲ್‌ಚೇರ್. 17 ಕಿಲೋ. ವಾರಕ್ಕೆ ಮೂರು ಸಲ ಹೋಗಿ ಬರುವುದಿದೆ, ಪ್ರತಿ ಸಲ ಎರಡು ಬಾರಿ ಹಾಕಬೇಕು, ಎರಡು ಬಾರಿ ತೆಗೆಯಬೇಕು. ವಾರಕ್ಕೆ ಹನ್ನೆರಡು ಸಲ ಆ ಹೊಸ್ತಿಲಿಗೂ ನನಗೂ ಮುಖಾಮುಖಿ.

ತಪ್ಪು ನನ್ನದೂ ಇದೆ. ಕೊಳ್ಳುವಾಗ ನಾನು ನೋಡಿದ್ದು ಡಿಕ್ಕಿ ಎಷ್ಟು ಲೀಟರ್ ಅನ್ನುವುದನ್ನು ಮಾತ್ರ. ನನ್ನ ಹಳೆಯ ಪುಟ್ಟ ಹ್ಯಾಚ್‌ಬ್ಯಾಕಿಗಿಂತ ಜಾಸ್ತಿ ಇತ್ತು, ಖುಷಿಯಾಯಿತು. ಆ ಲೀಟರ್ ಎಲ್ಲಿಂದ ಬರುತ್ತದೆ ಅಂತ ತಿಳಿದದ್ದು ಆಮೇಲೆ. 200 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸಿ ಎಣಿಸುತ್ತಾರೆ. ಒಂದು ತುಂಡಿಗೆ ಒಂದು ಲೀಟರ್. ಜರ್ಮನಿಯ ವಾಹನ ಉದ್ಯಮ ಸಂಘದ ಹೆಸರಲ್ಲಿ ಇದನ್ನು ವಿಡಿಎ ಪದ್ಧತಿ ಅನ್ನುತ್ತಾರೆ. ಚಕ್ರದ ಉಬ್ಬಿನ ಪಕ್ಕದ ಸಂದಿಗೂ ಇಟ್ಟಿಗೆ ಹೋಗುತ್ತದೆ, ಲೆಕ್ಕಕ್ಕೂ ಸೇರುತ್ತದೆ. ಆ ಸಂದಿಗೆ ಯಾವ ಸೂಟ್‌ಕೇಸ್ ಹೋಗುತ್ತದೆ ಹೇಳಿ? ನನ್ನ ಕಾರಿನಲ್ಲಿ ಅಲ್ಲಿ ಒಂದು ಒರೆಸುವ ಬಟ್ಟೆ ವಾಸವಾಗಿದೆ, ಅಷ್ಟೇ. ಇನ್ನು ಒಂದು ಅಂಕಿ ಡಿಕ್ಕಿಯನ್ನು ಮೇಲಿಂದ ಮುಚ್ಚುವ ಪಾರ್ಸೆಲ್ ಟ್ರೇವರೆಗಿನದು, ಇನ್ನೊಂದು ಚಾವಣಿವರೆಗಿನದು ಆದರೆ ಎರಡು ಕಾರುಗಳನ್ನು ಹೋಲಿಸುವುದೇ ಸುಮ್ನೆ. ಹೊಸ್ತಿಲು ಎಷ್ಟು ಎತ್ತರ, ಬಾಯಿ ಎಷ್ಟು ಅಗಲ ಅಂತ ಲೀಟರ್ ಹೇಳುವುದೇ ಇಲ್ಲ.

ಇದೇ ಕಾರಿನ ಮೇಲಿನ ವೇರಿಯಂಟಿನಲ್ಲಿ ತಳವನ್ನು ಎರಡು ಎತ್ತರದಲ್ಲಿ ಕೂರಿಸಬಹುದು. ಮೇಲಿನ ಎತ್ತರದಲ್ಲಿಟ್ಟರೆ ತಳವೂ ಹೊಸ್ತಿಲೂ ಒಂದೇ ಮಟ್ಟ. ಹಿಂದಿನ ಸೀಟು ಮಡಚಿದಾಗ ಮೆಟ್ಟಿಲೂ ಉಳಿಯುವುದಿಲ್ಲ. ಅದು ನನ್ನ ಬಜೆಟ್ಟಿಗೆ ಮೀರಿತ್ತು. ಒಂದು ಹಲಗೆಗಾಗಿ ಸನ್‌ರೂಫನ್ನೂ ಕೊಳ್ಳಬೇಕಂತೆ!

ಎರಡನೇ ವರ್ಷ ನಾನೇ ಆ ಹಲಗೆ ಮಾಡಿಕೊಂಡೆ. ಎರಡು ಬದಿಗೆ ಗಟ್ಟಿ ಫೋಮ್, ಮೇಲೆ ಪ್ಲೈವುಡ್, ಅದರ ಮೇಲೆ ಕಾರ್ಪೆಟ್. ನೂರಕ್ಕೂ ಜಾಸ್ತಿ ಲೀಟರ್ ಕೆಳಗೆ ಹೋಯಿತು. ಹೋಗಲಿ. ಪಾರ್ಸೆಲ್ ಟ್ರೇ ಕೂಡ ಅಂದಿನಿಂದ ಮನೆಯ ಅಟ್ಟದಲ್ಲಿದೆ. ಬಿಚ್ಚಿದ ಟ್ರೇ ಇಡಲು ಆ ಕಾರಿನಲ್ಲೇ ಜಾಗವಿಲ್ಲ ಅನ್ನುವುದು ಬೇರೆ ತಮಾಷೆ.

ಈಗ ಕೆಲಸಕ್ಕೆ ಒಂದು ಲಯ ಬಂದಿದೆ. ಕಾಲಿಡುವ ಪಟ್ಟಿಗಳನ್ನು ಬಿಚ್ಚಿ ಒಳಗೆ ಎಸೆಯುತ್ತೇನೆ. ಕುರ್ಚಿಯ ಬಟ್ಟೆಯನ್ನು ನಡುವೆ ಹಿಡಿದು ಮೇಲಕ್ಕೆಳೆದರೆ ಕುರ್ಚಿ ಮಡಚಿಕೊಳ್ಳುತ್ತದೆ. ಹೊಸ್ತಿಲ ಮೇಲೆ ಹಳೇ ಟವೆಲ್ ಹಾಸಿ, ದೊಡ್ಡ ಚಕ್ರಗಳನ್ನು ಮೊದಲು ಅದರ ಮೇಲಿಟ್ಟು, ಕುರ್ಚಿಯನ್ನು ಮಲಗಿಸಿ ತಳ್ಳುತ್ತೇನೆ. ಸರ್‍ರನೆ ಹೋಗುತ್ತದೆ. ಕೊನೆಗೆ ತಳದ ಕೊಕ್ಕೆಗೆ ಬೆಲ್ಟ್ ಬಿಗಿಯುತ್ತೇನೆ. ಗಟ್ಟಿ ಬ್ರೇಕ್ ಹಾಕಿದರೆ 17 ಕಿಲೋ ಲೋಹ ಸೀಟಿನ ಬೆನ್ನಿಗೆ ಬಂದು ಬಡಿಯಬಾರದು, ಅಲ್ವಾ.

ಹಲಗೆ ಹಾಕಿದ ಮೊದಲ ವಾರವೇ ಏರಿನಲ್ಲಿ ಕಾರು ನಿಲ್ಲಿಸಿ ಬಾಗಿಲು ಎತ್ತಿದೆ. ನೀರಿನ ಬಾಟಲಿ, ಛತ್ರಿ, ಮಗನ ಚೆಂಡು ಎಲ್ಲ ನನ್ನ ಕಾಲ ಮೇಲೆ ಬಿದ್ದು ರಸ್ತೆಗುಂಟ ಇಳಿದು ಹೋದವು. ಅಲ್ಲಿಯವರೆಗೆ ಅವನ್ನೆಲ್ಲ ತಡೆದು ಹಿಡಿದಿದ್ದು ನಾನು ಬೈಯುತ್ತಿದ್ದ ಆ ಹೊಸ್ತಿಲೇ. ಈಗ ಒಂದು ಬಲೆ ಕಟ್ಟಿದ್ದೇನೆ. ಬೈಗುಳವನ್ನೂ ಸ್ವಲ್ಪ ಕಡಿಮೆ ಮಾಡಿದ್ದೇನೆ.

ಪಂಕ್ಚರ್ ಆದ ದಿನದ ಕಥೆ ಬೇಡ. ಸ್ಟೆಪ್ನಿ ಎಲ್ಲದರ ಕೆಳಗಿದೆ ಅಂದರೆ ಸಾಕು.

ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಗುಣ ಮಾತ್ರ ಹೇಳಲೇಬೇಕು. ಎತ್ತಿದ ಹಿಂಬಾಗಿಲು ಒಳ್ಳೆಯ ಮಾಡು. ಜೋರು ಮಳೆಯಲ್ಲಿ ವೀಲ್‌ಚೇರನ್ನು ಹಿಂದಕ್ಕೆ ತಂದು ಬಂಪರಿಗೆ ಒತ್ತಿ ನಿಲ್ಲಿಸಿದರೆ ಅಮ್ಮ ಪೂರ್ತಿ ಒಳಗೆ, ನಾನು ಅರ್ಧ. ಮಳೆ ಕಡಿಮೆಯಾಗುವ ತನಕ ಹಾಗೇ ಇರುತ್ತೇವೆ. ಮೊನ್ನೆ ನಿಂತಿತು, ಹೊರಡೋಣ ಅಂದೆ. ‘ಇನ್ನೂ ಹನಿ ಬೀಳ್ತಿದೆ, ಇರು’ ಅಂದರು. ಬೀಳುತ್ತಿದ್ದುದು ಬಾಗಿಲಿನ ಅಂಚಿನಿಂದ.