ಕೂಲರಿನ ತಳ ಉಜ್ಜಿಕೊಡುತ್ತೇವೆ ಎನ್ನುವವರಿದ್ದಾರೆ, ಕೊಡಬೇಡಿ

ಬೇಸಿಗೆಯ ಬಳ್ಳಾರಿಯಲ್ಲಿ ಕಂಪ್ಯೂಟರ್ ಕಾದು ತಾನಾಗಿಯೇ ಆಫ್ ಆಗುವುದು ಹೊಸ ಸಂಗತಿಯಲ್ಲ. ಒಳಗೆ ಪ್ರೊಸೆಸರ್ ಎಂಬ ಮುಖ್ಯ ಚಿಪ್ಪಿನ ಶಾಖ ಹೀರಿ ಹೊರಹಾಕಲು ಅದರ ಮೇಲೆ ಫ್ಯಾನಿರುವ ಲೋಹದ ಕೂಲರ್ ಕೂರಿಸಿರುತ್ತಾರೆ. ಕಂಪ್ಯೂಟರನ್ನು ರಿಪೇರಿಗೆ ಒಯ್ದಾಗ ಅಂಗಡಿಯವರು "ಪ್ರೊಸೆಸರ್ ಮೇಲಿನ ಕೂಲರಿನ ತಳ ಉಜ್ಜಿ ಕನ್ನಡಿ ಮಾಡಿಕೊಡುತ್ತೇವೆ, ಹತ್ತು ಡಿಗ್ರಿ ಇಳಿಯುತ್ತದೆ" ಎಂದರೆ ಕೂಲರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬನ್ನಿ. ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಲಗ್ನದ ಸೀಸನ್ನಿನ ನಡುವೆಯೇ ನನ್ನ ಕೂಲರ್ ಹೀಗೆ ಕೈಕೊಟ್ಟಿತು.

ಉಜ್ಜುವ ವಿಚಾರವೇ ಸುಳ್ಳು ಎನ್ನುವಂತಿಲ್ಲ, ಮೋಸ ಹೋಗುವುದೂ ಅಲ್ಲಿಯೇ. ಕೂಲರಿನ ತಳ ಮತ್ತು ಪ್ರೊಸೆಸರಿನ ಲೋಹದ ಮುಚ್ಚಳ ನುಣುಪಾಗಿ ಕಂಡರೂ ಎರಡರಲ್ಲೂ ಕಣ್ಣಿಗೆ ಬೀಳದ ಏರುತಗ್ಗುಗಳಿರುತ್ತವೆ. ಆ ಸಂದಿನಲ್ಲಿ ಗಾಳಿ ಕೂರುತ್ತದೆ. ಶಾಖ ಸಾಗಿಸುವ ಶಕ್ತಿಯಲ್ಲಿ ತಾಮ್ರದ್ದು ಸುಮಾರು 400 ಎಂದಾದರೆ ಅದೇ ಅಳತೆಯಲ್ಲಿ ಗಾಳಿಯದು 0.03ನ್ನೂ ಮುಟ್ಟುವುದಿಲ್ಲ. ಆ ಸಂದು ತುಂಬಲೆಂದೇ ಥರ್ಮಲ್ ಪೇಸ್ಟ್ ಹಚ್ಚುವುದು. ತಳ ಮಟ್ಟಸವಾದಷ್ಟೂ ಪೇಸ್ಟ್ ತೆಳುವಾಗಿ ಕೂರುತ್ತದೆ. ಇದನ್ನು ಬಲ್ಲವರು ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ ಎಮರಿ ಪೇಪರ್ ಹಾಸುತ್ತಾರೆ, ಒತ್ತದೆ ಕೂಲರಿನ ಭಾರದಲ್ಲಿಯೇ ಉಜ್ಜುತ್ತಾರೆ, ಆಗಾಗ ದಿಕ್ಕು ತಿರುಗಿಸುತ್ತಾರೆ. ಒರಟಾದ 400 ನಂಬರಿನ ಪೇಪರಿನಿಂದ ಶುರು ಮಾಡಿ ನುಣುಪಾದ 2000 ನಂಬರಿನವರೆಗೆ ಹೋಗುತ್ತಾರೆ. ನಡುನಡುವೆ ತಳಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು ನೋಡುತ್ತಾರೆ. ಶಾಯಿ ಅಳಿಸಿದ ಜಾಗ ಉಬ್ಬು, ಉಳಿದ ಜಾಗ ತಗ್ಗು. ತಾಳ್ಮೆ ಬೇಡುವ ಕೆಲಸ, ಗಲ್ಲಾದ ಹಿಂದೆ ಅವಸರದಲ್ಲಿ ಆಗುವಂಥದ್ದಲ್ಲ.

ನಾನು ಕೊಟ್ಟ ಅಂಗಡಿಯಲ್ಲಿ ಗಾಜೂ ಇರಲಿಲ್ಲ, ಮಾರ್ಕರೂ ಇರಲಿಲ್ಲ. ಪೇಸ್ಟ್ ಬದಲಿಸಲು ಕೊಟ್ಟಿದ್ದ ಕೂಲರನ್ನು ಹಿಂದಿನ ಕೋಣೆಗೆ ಒಯ್ದು ಗ್ರೈಂಡರಿಗೆ ಹಿಡಿದರೆಂದು ಕೆಲಸದ ಹುಡುಗನೇ ಆಮೇಲೆ ಬಾಯಿಬಿಟ್ಟ. ಹೊಳಪೇನೋ ಬಂದಿತ್ತು. ಮಾಲೀಕರು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು ನನಗೂ ತೋರಿಸಿದರು. ಮನೆಗೆ ತಂದು ಉಕ್ಕಿನ ಸ್ಕೇಲಿನ ಅಂಚನ್ನು ತಳದ ಮೇಲಿಟ್ಟು ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ನಡುವೆ ಮಾತ್ರ ಸ್ಕೇಲ್ ತಾಗಿತ್ತು, ಎರಡು ಬದಿಯಿಂದಲೂ ಬೆಳಕು ಇಣುಕುತ್ತಿತ್ತು. ಕೈಯಲ್ಲಿ ಹಿಡಿದು ಚಕ್ರಕ್ಕೆ ಒತ್ತಿದರೆ ಅಂಚು ಹೆಚ್ಚು ಸವೆದು ನಡು ಉಬ್ಬುತ್ತದೆ. ಕೂಲರಿಗೆ ಬೇಕಾದದ್ದು ಮಟ್ಟ, ಇವರು ಕೊಟ್ಟದ್ದು ಹೊಳಪು.

ಅಷ್ಟೇ ಆಗಿದ್ದರೆ ಪೇಸ್ಟ್ ಸ್ವಲ್ಪ ಹೆಚ್ಚು ಹಚ್ಚಿ ಸುಧಾರಿಸಬಹುದಿತ್ತು. ನನ್ನದು ತಾಮ್ರದ ಹೀಟ್ ಪೈಪುಗಳು ನೇರವಾಗಿ ಪ್ರೊಸೆಸರಿಗೆ ತಾಗುವ ಜಾತಿಯ ಕೂಲರ್. ತಳದಲ್ಲಿ ಅಲ್ಯೂಮಿನಿಯಮ್ ನಡುವೆ ತಾಮ್ರದ ಪಟ್ಟಿಗಳು ಕಂಡರೆ ನಿಮ್ಮದೂ ಅದೇ. ಆ ಪಟ್ಟಿಗಳು ಗಟ್ಟಿ ತಾಮ್ರವಲ್ಲ, ತೆಳುಗೋಡೆಯ ಟೊಳ್ಳು ಕೊಳವೆಗಳು. ಒಳಗಿನ ಗಾಳಿ ಹೀರಿ ತೆಗೆದು ಚೂರೇ ಚೂರು ನೀರು ತುಂಬಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ಸ್ವಲ್ಪ ಶಾಖಕ್ಕೇ ಆವಿಯಾಗಿ ಮೇಲಿನ ತೆಳು ಲೋಹದ ಹಾಳೆಗಳ, ಅಂದರೆ ರೆಕ್ಕೆಗಳತ್ತ ಹೋಗುತ್ತದೆ, ತಣಿದು ಮತ್ತೆ ತಳಕ್ಕೆ ಬರುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಗಾಳಿ ನುಗ್ಗಿ ಆ ಓಡಾಟ ನಿಲ್ಲುತ್ತದೆ. ಬೆಸುಗೆ ಹಾಕಿ ತೂತು ಮುಚ್ಚಬಹುದು, ಹೋದ ನಿರ್ವಾತ ಅಂಗಡಿಯಲ್ಲಿ ಮರಳಿ ಬರುವುದಿಲ್ಲ.

ಜೋಡಿಸಿ ವಿಡಿಯೋ ರೆಂಡರಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಆಗಿಸಲು ಹಾಕಿದೆ. ನೋಡನೋಡುತ್ತಲೇ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋಗಿ ವೇಗ ಕುಗ್ಗಿಸಿಕೊಂಡಿತು. ಕೂಲರಿನ ಬುಡ ಮುಟ್ಟಲಾಗದಷ್ಟು ಸುಡುತ್ತಿದೆ, ಮೇಲಿನ ರೆಕ್ಕೆಗಳು ಮಾತ್ರ ತಣ್ಣಗಿವೆ. ಹೀಟ್ ಪೈಪ್ ಸತ್ತಿದೆ ಎನ್ನಲು ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಸಾಲದ್ದಕ್ಕೆ ರೆಕ್ಕೆಗಳ ಸಂದಿನಲ್ಲಿ ಲೋಹದ ಪುಡಿ ಹಾಗೆಯೇ ಇತ್ತು. ಅದು ವಿದ್ಯುತ್ ಹರಿಸುವ ಪುಡಿ, ಮದರ್‌ಬೋರ್ಡಿನ ಮೇಲೆ ಉದುರಿ ಶಾರ್ಟ್ ಆಗದಿದ್ದದ್ದು ನನ್ನ ಪುಣ್ಯ.

ಉಜ್ಜಿದ ಕೂಲರಿಗೆ ಕಂಪನಿಯ ವಾರಂಟಿಯನ್ನೂ ನಂಬುವಂತಿಲ್ಲ. ಬೆಳ್ಳಗೆ ಕಾಣುವ ಎಷ್ಟೋ ತಳಗಳು ನಿಕ್ಕಲ್ ಲೇಪಿಸಿದ ತಾಮ್ರ, ಉಜ್ಜಿದರೆ ಮೊದಲು ಹೋಗುವುದು ಆ ಲೇಪವೇ. ನೀರಿನಿಂದ ತಂಪಾಗಿಸುವ ಬ್ಲಾಕುಗಳಲ್ಲಿ ಕೆಲವಕ್ಕೆ ಬೇಕೆಂದೇ ತುಸು ಉಬ್ಬು ಕೊಟ್ಟಿರುತ್ತಾರೆ, ಸ್ಕ್ರೂ ಬಿಗಿದಾಗ ಪ್ರೊಸೆಸರಿನ ನಡುಭಾಗಕ್ಕೆ ಒತ್ತು ಬೀಳಲಿ ಎಂದು. ಅದನ್ನು ದೋಷವೆಂದು ಸವೆಸಿದರೆ ಇದ್ದದ್ದೂ ಕೆಡುತ್ತದೆ.

ನಮ್ಮೂರಿನಲ್ಲಿ ಮೊದಲು ನೋಡಬೇಕಾದದ್ದು ಧೂಳು. ಗಣಿಯ ಕೆಂಧೂಳು ಸೇರಿ ಫ್ಯಾನಿನ ಹಿಂದೆ ಕಂಬಳಿಯಂತೆ ಕಟ್ಟಿಕೊಂಡಿರುತ್ತದೆ. ಅದನ್ನು ಊದಿ ತೆಗೆಯಿರಿ, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಬಿಗಿಯಿರಿ. ಕೋಣೆಯೇ 40 ಡಿಗ್ರಿ ಇದ್ದರೆ ಯಾವ ಫ್ಯಾನೂ ಪ್ರೊಸೆಸರನ್ನು ಅದಕ್ಕಿಂತ ಕೆಳಗೆ ಇಳಿಸಲಾರದು ಎಂಬುದೂ ನೆನಪಿರಲಿ. ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಕೂಲರಿನ ತಳದ ಫೋಟೋ ತೆಗೆದು, "ಉಜ್ಜಬಾರದು" ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಫೋಟೋ ಇತ್ತು, ತೋರಿಸಿದೆ. ಮಾಲೀಕರು ಕೂಲಿ ಹಣ ಮಾತ್ರ ಹಿಂದಿರುಗಿಸಿದರು. ಹೊಸ ಕೂಲರಿನ ಬಿಲ್ ಅವರ ಮುಂದಿಟ್ಟು ಬಂದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.